ಅಚ್ಚು ಹಳೆಯದು, ಗುಂಡು ಹೊಸದು: ಪಿಸ್ತೂಲುಗಳೆಲ್ಲ ಒಂದೇ ತರ ಯಾಕೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ:

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಅವರಲ್ಲಿ ಒಬ್ಬಾಕೆ ಬೆಳ್ತಂಗಡಿ ತಾಲೂಕಿನ ಕುತ್ಲೂರಿನವಳು. ಮನುಷ್ಯರು ಬಂದರು, ಕೋವಿ ಎಲ್ಲಿ ಎಂದು ಎಲ್ಲರೂ ಕೇಳಿದರು. ಒಂದೆರಡು ದಿನದಲ್ಲೇ ಕೊಪ್ಪ ಕಡೆಯ ಕಾಡಿನಲ್ಲಿ ಅವೂ ಸಿಕ್ಕವು. ಒಂದು ಎಕೆ-56, ಮೂರು .303 ರೈಫಲು, ಒಂದು 12 ಬೋರಿನ ಒಂಟಿನಳಿಗೆ, ಒಂದು ನಾಡ ಪಿಸ್ತೂಲು.

ಪಟ್ಟಿಯನ್ನು ಪೇಪರಿನಲ್ಲಿ ಓದಿದವರು ಕೋವಿ ಎಷ್ಟು ಎಂದು ಎಣಿಸಿದರೇ ಹೊರತು ಯಾರ ಅಚ್ಚು ಎಂದು ನೋಡಲಿಲ್ಲ. ನೋಡಿದರೆ ತಮಾಷೆ ಉಂಟು. ಎಕೆ-56 ಎಂಬುದು ರಷ್ಯದ ಎಕೆ-47ನ್ನು ಚೀನಾದವರು 1956ರಲ್ಲಿ ಅಚ್ಚಿಳಿಸಿಕೊಂಡದ್ದು. .303 ಎಂಬುದು 1895ರಷ್ಟು ಹಿಂದಿನ ಬ್ರಿಟಿಷರ ಲೀ-ಎನ್‌ಫೀಲ್ಡ್. ಅದನ್ನೇ ಬಂಗಾಳದ ಇಶಾಪುರದಲ್ಲಿ ದಶಕಗಟ್ಟಲೆ ತಯಾರಿಸಿ ನಮ್ಮ ಪೊಲೀಸರ ಹೆಗಲಿಗೆ ಹಾಕಿದ್ದರು. 12 ಬೋರಿನದ್ದು ವಿಲಾಯತಿ ಬೇಟೆಕೋವಿಯ ಸಂತತಿ. ನಾಡ ಪಿಸ್ತೂಲಂತೂ ನಕಲಿನ ನಕಲು. ಕಾಡಿನಲ್ಲಿ ಕ್ರಾಂತಿ ಮಾಡಲು ಹೊರಟವರ ಬಳಿಯೂ ಹೊಸ ವಿನ್ಯಾಸದ ಒಂದೇ ಒಂದು ಕೋವಿ ಇರಲಿಲ್ಲ.

ಇದಾಗಿ ವಾರ ಕಳೆಯುವಷ್ಟರಲ್ಲಿ, ಜನವರಿ 17ರಂದು ಶುಕ್ರವಾರ ಹಾಡಹಗಲೇ, ಬಂಟ್ವಾಳಕ್ಕೆ ತಾಗಿದ ಉಳ್ಳಾಲ ತಾಲೂಕಿನಲ್ಲಿ ಕೋಟೆಕಾರು ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ಪಿಸ್ತೂಲು, ತಲವಾರು ಹಿಡಿದವರು ನುಗ್ಗಿದರು. ಗಲ್ಲೆಯಲ್ಲಿ ದುಡ್ಡಿಟ್ಟುಕೊಂಡು ಕೂರುವವನಿಗೆ ಇಂಥ ಸುದ್ದಿ ಓದಿದ ಮೇಲೆ "ನಮಗೂ ಒಂದು ಇದ್ದರೆ ಹೇಗೆ?" ಎಂಬ ಆಸೆ ಹುಟ್ಟುವುದು ಸಹಜವೇ. ಚಿನ್ನದಂಗಡಿಯವರಿಗೆ, ಪೆಟ್ರೋಲ್ ಬಂಕಿನವರಿಗೆ, ಅಡಿಕೆ ಮಂಡಿಯವರಿಗೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಆದರೆ ಲೈಸೆನ್ಸು ಸಿಕ್ಕಿದ ಪುಣ್ಯಾತ್ಮನೊಬ್ಬ ಕೋವಿ ಅಂಗಡಿ ಮೆಟ್ಟಿಲು ಹತ್ತಿದ ಎಂದಿಟ್ಟುಕೊಳ್ಳಿ. ಅಲ್ಲಿ ಅವನ ಮುಂದೆ ಇಡುವುದೇನು? ಮೊಬೈಲಾದರೆ ಆರು ತಿಂಗಳಿಗೊಂದು ಹೊಸ ನಮೂನೆ. ಸ್ಕೂಟರಾದರೆ ವರ್ಷಕ್ಕೊಂದು. ಪಿಸ್ತೂಲು ಮಾತ್ರ ಅಜ್ಜನ ಕಾಲದ್ದು!

ವೆಬ್ಲಿಯ ಮೊಮ್ಮಕ್ಕಳು

ನಮ್ಮ ಸರಕಾರಿ ಕಾರ್ಖಾನೆಗಳು ಜನರಿಗೆ ಮಾರುವ .32 ರಿವಾಲ್ವರು ನೋಡಲಿಕ್ಕೂ ಬಿಚ್ಚಲಿಕ್ಕೂ ಬ್ರಿಟಿಷರ ವೆಬ್ಲಿ ಮಾರ್ಕ್ 4ರ ತರವೇ. ಆ ವೆಬ್ಲಿ .38 ಬೋರಿನದ್ದು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸೊಂಟದಲ್ಲಿ ಇದ್ದದ್ದು. ಮೇಲಿನ ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿಕೊಳ್ಳುತ್ತದೆ, ಹಿಂದಿನಿಂದ ಆರು ತೋಟೆ ತುಂಬಿಸುವುದು. ಇದಕ್ಕೆ .32ರ ತೂತು ಕೊರೆದರೆ ನಮ್ಮದು ಆಯಿತು.

2014ರಲ್ಲಿ ಕಾನ್ಪುರದಿಂದ "ನಿರ್ಭೀಕ್" ಬಂತು. ದೆಹಲಿಯ ನಿರ್ಭಯಾ ಪ್ರಕರಣದ ಬಿಸಿ ಆರಿರಲಿಲ್ಲ, ಹೆಂಗಸರಿಗೆಂದೇ ಮಾಡಿದ್ದು ಎಂದು ಡಂಗುರ ಹೊಡೆದರು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ಬೆಲೆ ಆಗಲೇ 1 ಲಕ್ಷ 22 ಸಾವಿರದ ಆಸುಪಾಸು. ಬೀಡಿ ಕಟ್ಟಿ ಬದುಕುವ ಬಂಟ್ವಾಳದ ಹೆಂಗಸು ಆ ಬೆಲೆಗೆ ಎಷ್ಟು ಬೀಡಿ ಕಟ್ಟಬೇಕೆಂದು ಲೆಕ್ಕ ಹಾಕಿದವರಿಲ್ಲ. ಲೋಹ ಹೊಸದು, ಹೆಸರು ಹೊಸದು, ಅಚ್ಚು ಮಾತ್ರ ಅದೇ ವೆಬ್ಲಿ.

2023ರ ಆಗಸ್ಟಿನಲ್ಲಿ ಅದೇ ಕಾನ್ಪುರದಿಂದ "ಪ್ರಬಲ್" ಬಂತು. ಇದರ ಗುಂಡಿನ ಉರುಳೆ ಪಕ್ಕಕ್ಕೆ ಹೊರಳುತ್ತದೆ, ಭಾರತದಲ್ಲಿ ಇದೇ ಮೊದಲು ಎಂದು ಹೇಳಿಕೊಂಡರು. ಭಾರತದಲ್ಲಿ ಮೊದಲೇ ಇರಬಹುದು. ಆದರೆ ಉರುಳೆ ಪಕ್ಕಕ್ಕೆ ಹೊರಳುವ ರಿವಾಲ್ವರನ್ನು ಅಮೆರಿಕದ ಕೋಲ್ಟ್ ಕಂಪೆನಿ ಮಾರುಕಟ್ಟೆಗೆ ಬಿಟ್ಟದ್ದು 1889ರಲ್ಲಿ. ಲೆಕ್ಕ ಹಾಕಿದರೆ 134 ವರ್ಷ ತಡ. ಅಷ್ಟರೊಳಗೆ ಅಸಲಿ ವೆಬ್ಲಿ ಹೆಸರಿನ ಕಂಪೆನಿಯೂ ಉತ್ತರ ಪ್ರದೇಶದ ಸಂಡೀಲಾಕ್ಕೆ ಬಂದು ಇಲ್ಲಿಯವರ ಜೊತೆ ಸೇರಿ ಅದೇ .32 ರಿವಾಲ್ವರು ಮಾಡತೊಡಗಿತು. ಮೊಮ್ಮಕ್ಕಳ ಮನೆಗೆ ಅಜ್ಜನೇ ಬಂದ ಹಾಗೆ.

ರಿವಾಲ್ವರು ಬೇಡ, ಪಿಸ್ತೂಲೇ ಬೇಕು ಎಂದರೆ ಸಿಗುವ .32 ಪಿಸ್ತೂಲು ಜಾನ್ ಬ್ರೌನಿಂಗ್ ಎಂಬ ಅಮೆರಿಕದವನ ಹಳೇ ಜೇಬು ಪಿಸ್ತೂಲುಗಳ ವಂಶದ್ದು. ಈ ಬ್ರೌನಿಂಗ್ ಯೂಟಾ ಪ್ರಾಂತದಲ್ಲಿ ಕೋವಿ ರಿಪೇರಿಯವನ ಮಗನಾಗಿ 1855ರಲ್ಲಿ ಹುಟ್ಟಿ, 1926ರಲ್ಲಿ ಬೆಲ್ಜಿಯಂನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಸತ್ತವ. ಸತ್ತು ನೂರು ವರ್ಷವಾಗುತ್ತಾ ಬಂದರೂ ಜಗತ್ತಿನ ಪಿಸ್ತೂಲುಗಳಲ್ಲಿ ಮುಕ್ಕಾಲು ಪಾಲಿಗೆ ಅವನ ಋಣ ಉಂಟು. ಫ್ರೆಂಚರ ಬಾಯಲ್ಲಂತೂ "ಬ್ರೌನಿಂಗ್" ಎಂದರೇ ಪಿಸ್ತೂಲು ಎಂಬ ಅರ್ಥವಾಗಿತ್ತು. ನಮ್ಮಲ್ಲಿ ವನಸ್ಪತಿಗೆ "ಡಾಲ್ಡಾ" ಎಂದ ಹಾಗೆ.

ಹಂಚಿನ ಕತೆ ಗೊತ್ತಿದ್ದವರಿಗೆ

ಹೀಗೆ ಒಬ್ಬನ ಅಚ್ಚಿಗೆ ಊರೆಲ್ಲ ಬೀಳುವುದೇಕೆ? ನೇತ್ರಾವತಿ ದಡದಲ್ಲಿ ಬದುಕಿದವರಿಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಮಂಗಳೂರು ಹಂಚು ಎಂದು ನಾವು ಜಂಬದಿಂದ ಹೇಳುವ ಹಂಚಿನ ಮೂಲ ಮಂಗಳೂರಲ್ಲ. ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಹಂಚಿಗೆ ಫ್ರಾನ್ಸಿನ ಅಲ್ಸೇಸಿನ ಗಿಲಾರ್ಡೊನಿ ಸಹೋದರರು 1841ರಲ್ಲೇ ಪೇಟೆಂಟು ಪಡೆದಿದ್ದರು. 1865ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಆ ಜಾತಿಯ ಹಂಚು ತೆಗೆದ. ಮೂರೇ ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಮನೆತನದವರು ಅಂಥದೇ ಹಂಚಿನ ಕಾರ್ಖಾನೆ ಹಾಕಿದರು. ಆಮೇಲೆ ನದಿ ದಡದ ಉದ್ದಕ್ಕೂ ಚಿಮಣಿಗಳೇ ಚಿಮಣಿಗಳು.

ಯಾರೂ ಬೇರೆ ಆಕಾರದ ಹಂಚು ಮಾಡಲು ಹೋಗಲಿಲ್ಲ. ಮಾಡಲಿಕ್ಕೆ ಬರುತ್ತಿರಲಿಲ್ಲ ಎಂದಲ್ಲ. ಮಾಡಿದರೆ ಕೊಳ್ಳುವವನಿರಲಿಲ್ಲ. ಮನೆಮನೆಯ ಮಾಡಿನ ರೀಪುಗಳ ಅಂತರ ಆ ಹಂಚಿನ ಅಳತೆಗೇ ಹೊಡೆದಾಗಿತ್ತು. ಆಚಾರಿಯ ಕೈಗೂ ಅದೇ ಅಳತೆ ಕೂತಿತ್ತು. ಹೊಸ ಆಕಾರ ತಂದವ ಹಂಚನ್ನಲ್ಲ, ಮಾಡನ್ನೇ ಬದಲಿಸಬೇಕಿತ್ತು.

ಪಿಸ್ತೂಲಿನದ್ದೂ ಇದೇ ಕತೆ. ತೋಟೆ ಎಂಬುದು ರೀಪು, ಪಿಸ್ತೂಲು ಎಂಬುದು ಹಂಚು. ಬ್ರೌನಿಂಗ್ 1899ರ ಹೊತ್ತಿಗೆ 7.65 ಎಂ.ಎಂ.ನ, ಅಂದರೆ .32ರ, ಸಣ್ಣ ತೋಟೆಯೊಂದನ್ನು ರೂಪಿಸಿದ. ಅದಕ್ಕೆ ಹೊಂದುವ ಪಿಸ್ತೂಲು ಕೊಟ್ಟ. ತೋಟೆ ಊರೂರಿಗೆ ಹೋಯಿತು. ತೋಟೆ ಸಿಗುವಲ್ಲಿ ಆ ತೋಟೆಯ ಪಿಸ್ತೂಲಿಗೇ ಗಿರಾಕಿ. ಸೈನ್ಯವೊಂದು ಒಂದು ಮಾದರಿಯನ್ನು ಆರಿಸಿಕೊಂಡರೆ ಮುಗಿಯಿತು. ಆ ಅಳತೆಗೆ ಮ್ಯಾಗಜಿನ್, ಚರ್ಮದ ಚೀಲ, ಸ್ಪ್ರಿಂಗು, ಕಲಿಸುವ ಹವಲ್ದಾರ, ರಿಪೇರಿಯವನು, ಎಲ್ಲ ತಯಾರು. ಅಮೆರಿಕದ ಸೈನ್ಯ ಬ್ರೌನಿಂಗನ ಕೋಲ್ಟ್ ಪಿಸ್ತೂಲನ್ನು 1911ರಲ್ಲಿ ಒಪ್ಪಿಕೊಳ್ಳುವ ಮೊದಲು ಪರೀಕ್ಷೆಯಲ್ಲಿ ಆರು ಸಾವಿರ ಗುಂಡು ಹಾರಿಸಿ ನೋಡಿತ್ತು. ಕಾದಾಗ ನೀರಿಗೆ ಅದ್ದಿ ತಣಿಸಿ ಮತ್ತೆ ಹೊಡೆದರಂತೆ, ಒಮ್ಮೆಯೂ ಕೈಕೊಡಲಿಲ್ಲ. ಒಪ್ಪಿಕೊಂಡ ಮೇಲೆ 1985ರವರೆಗೆ ಬಿಡಲೂ ಇಲ್ಲ. ಹಾಗೆ ಪರೀಕ್ಷೆಯಾದ ಅಚ್ಚನ್ನು ಬಿಟ್ಟು ಯಾವ ಕಾರ್ಖಾನೆಯವ ತನ್ನ ಸ್ವಂತ ದುಡ್ಡಿನಲ್ಲಿ ಹೊಸತು ಪರೀಕ್ಷೆ ಮಾಡಲು ಹೋಗುತ್ತಾನೆ?

ಇನ್ನು ಯಂತ್ರದ ಮಾತು. ಉಕ್ಕಿನ ತುಂಡನ್ನು ಕೊರೆದು ಪಿಸ್ತೂಲು ಮಾಡುವ ಯಂತ್ರ, ಅಳತೆಗೋಲು, ಹಿಡಿಕೆ ಚೌಕಟ್ಟು ಇವುಗಳ ಬೆಲೆ ಪಿಸ್ತೂಲಿನ ಬೆಲೆಗಿಂತ ಸಾವಿರ ಪಾಲು. ಒಮ್ಮೆ ಹಾಕಿದ ಮೇಲೆ ಅದನ್ನೇ ತಿರುಗಿಸುತ್ತಿರಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ತಂದು 1950ರ ದಶಕದ ಕೊನೆಯಲ್ಲಿ ಶುರುವಾದ ನಮ್ಮ ಅಂಬಾಸಿಡರು 2014ರವರೆಗೆ ಅದೇ ಮೂತಿ ಇಟ್ಟುಕೊಂಡು ಓಡಿತಲ್ಲ, ಹಾಗೆ. ಇಶಾಪುರದ ರೈಫಲ್ ಕಾರ್ಖಾನೆಯ 9 ಎಂ.ಎಂ. ಪಿಸ್ತೂಲೂ ಅಂಥದೇ. ಬ್ರೌನಿಂಗ್ ಶುರುಮಾಡಿ ಅವನ ನಂತರ ಬೆಲ್ಜಿಯಂನ ಸೇವ್ ಎಂಬವ ಮುಗಿಸಿದ 1935ರ "ಹೈಪವರ್" ಅದು, ಯುದ್ಧಕಾಲದಲ್ಲಿ ಕೆನಡಾದ ಇಂಗ್ಲಿಸ್ ಕಾರ್ಖಾನೆಯಲ್ಲಿ ತಯಾರಾದ ರೂಪದಲ್ಲಿ ನಮ್ಮಲ್ಲಿಗೆ ಬಂದದ್ದು.

ಅದೇ ಹೈಪವರನ್ನು ಮೂಲ ಬೆಲ್ಜಿಯಂ ಕಂಪೆನಿ 2018ರ ಹೊತ್ತಿಗೆ ಸಾಕು ಎಂದು ನಿಲ್ಲಿಸಿತು. ಮೂರು ವರ್ಷ ಕಳೆಯುವುದರೊಳಗೆ ಅಮೆರಿಕದಲ್ಲೊಂದು, ಟರ್ಕಿಯಲ್ಲೊಂದು ನಕಲು ಹೊರಬಂತು. ಮಾರಾಟ ಕಂಡು ಹೊಟ್ಟೆ ಉರಿಯಿತೋ ಏನೋ, 2022ರಲ್ಲಿ ಮೂಲ ಕಂಪೆನಿಯೇ ಮತ್ತೆ ಆ ಹೆಸರಿನಲ್ಲಿ ಹೊಸದೊಂದು ತಂದಿತು. ಅಂಗಡಿಯವರಿಗೆ ಇದು ಅರ್ಥವಾಗದ ವಿಷಯವಲ್ಲ. ಓಡುವ ಮಾಲನ್ನು ನೀನು ಇಡದಿದ್ದರೆ ಎದುರಿನವ ಇಡುತ್ತಾನೆ.

ಕದ್ದರೂ ಕಳ್ಳತನವಲ್ಲ

ನಕಲು ಎಂದರೆ ಕೇಸು ಬೀಳುವುದಿಲ್ಲವೇ ಎಂದರೆ, ಇಲ್ಲ. ಪೇಟೆಂಟಿಗೆ ಆಯುಷ್ಯ ಉಂಟು. ನಮ್ಮ ದೇಶದಲ್ಲಿ ಈಗ 20 ವರ್ಷ. ಬ್ರೌನಿಂಗನ ಹಕ್ಕುಗಳೆಲ್ಲ ಯಾವತ್ತೋ ತೀರಿಹೋಗಿವೆ. ಈಗ ಆ ಅಚ್ಚು ಊರ ಬಾವಿಯ ನೀರು, ಯಾರೂ ಸೇದಬಹುದು. ಹೆಸರು, ಮುದ್ರೆ ಮಾತ್ರ ಹಾಕಿಕೊಳ್ಳುವ ಹಾಗಿಲ್ಲ.

ಆಯುಷ್ಯ ತೀರುವ ಮೊದಲೇ ಸೇದಿದವರೂ ಇದ್ದಾರೆ. ಸ್ಪೇನಿನ ಎಯ್ಬಾರ್ ಎಂಬ ಊರು ಕೋವಿ ಕೆಲಸದವರ ಬೀಡು. ಅಲ್ಲಿನ ಅಂದಿನ ಕಾನೂನಿನಂತೆ ಪೇಟೆಂಟು ಪಡೆದವ ಆ ದೇಶದಲ್ಲೇ ಮಾಲು ತಯಾರಿಸದಿದ್ದರೆ ಹಕ್ಕು ಉಳಿಯುತ್ತಿರಲಿಲ್ಲ. ಅದೇ ಸಂದಿನಲ್ಲಿ ಬ್ರೌನಿಂಗನ 1903ರ ಪಿಸ್ತೂಲನ್ನು ಹೋಲುವ "ರೂಬಿ" ಎಂಬುದನ್ನು ಊರಿನವರೆಲ್ಲ ಬಡಿದರು. ಮೊದಲ ಮಹಾಯುದ್ಧದಲ್ಲಿ 1915ರಿಂದ ಫ್ರೆಂಚ್ ಸೈನ್ಯ ಎಷ್ಟಿದ್ದರೂ ಕೊಡಿ ಎಂದಿತು. ಹತ್ತಾರು ಸಣ್ಣ ಕಾರ್ಖಾನೆಗಳು ಕೆಲಸಕ್ಕೆ ಇಳಿದವು. ಹೊರಗಿನಿಂದ ಎಲ್ಲ ಒಂದೇ ಮುಖ. ಆದರೆ ಒಬ್ಬನ ಪಿಸ್ತೂಲಿಗೆ ಇನ್ನೊಬ್ಬನ ಮ್ಯಾಗಜಿನ್ ಸಿಕ್ಕಿಕೊಳ್ಳುತ್ತಿರಲಿಲ್ಲ! ಕಡೆಗೆ ಪಿಸ್ತೂಲಿಗೂ ಮ್ಯಾಗಜಿನಿಗೂ ತಯಾರಕನ ಎರಡಕ್ಷರದ ಗುರುತು ಹೊಡೆದು, ಅಕ್ಷರ ನೋಡಿ ಜೋಡಿಸಬೇಕಾಯಿತು. ಹಳೇ ಮಾಡು ಬಿಚ್ಚಿ ಬೇರೆ ಕಂಪೆನಿಯ ಹಂಚು ಸೇರಿಸಲು ಹೋಗಿ ಮಳೆಗಾಲದಲ್ಲಿ ಮನೆಯೊಳಗೆ ಪಾತ್ರೆ ಇಟ್ಟವರಿಗೆ ಈ ಸಂಕಟ ಗೊತ್ತಿರಬಹುದು.

ಇನ್ನೊಂದು ಕತೆ ಇದಕ್ಕಿಂತ ಸ್ವಾರಸ್ಯ. 1975ರಲ್ಲಿ ಚೆಕೊಸ್ಲೊವಾಕಿಯದ ಕೌಟ್ಸ್ಕಿ ಎಂಬವ ಸಿಜೆಡ್-75 ಎಂಬ ಒಳ್ಳೆಯ ಪಿಸ್ತೂಲು ಮಾಡಿದ. ಕಮ್ಯುನಿಸ್ಟ್ ಸರಕಾರ ಅದರ ಪೇಟೆಂಟನ್ನು ಗುಟ್ಟಾಗಿ ಇಟ್ಟಿತು. ಗುಟ್ಟಾಗಿ ಇಟ್ಟದ್ದಕ್ಕೇ ಹೊರದೇಶಗಳಲ್ಲಿ ಹಕ್ಕು ದಾಖಲಾಗಲಿಲ್ಲ. ದಾಖಲಾಗದ್ದಕ್ಕೆ ಇಟಲಿ, ಟರ್ಕಿ, ಇಸ್ರೇಲ್, ಚೀನಾ, ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಅದನ್ನು ಅಚ್ಚಿಳಿಸಿದರು. ತಿಜೋರಿಗೆ ಬೀಗ ಹಾಕಿ ಬಾಗಿಲು ತೆರೆದಿಟ್ಟ ಹಾಗಾಯಿತು.

ಸಿನೆಮಾದ ಪಾಲೂ ಸಣ್ಣದಲ್ಲ. ಜೇಮ್ಸ್ ಬಾಂಡನ ಕೈಗೆ ಬಂದ ಮೇಲೆ ಜರ್ಮನಿಯ ವಾಲ್ಥರ್ ಪಿಪಿಕೆಗೆ ಬಂದ ಹೆಸರು ಯಾವ ಯುದ್ಧದಿಂದಲೂ ಬಂದಿರಲಿಲ್ಲ. 1873ರ ಕೋಲ್ಟ್ ರಿವಾಲ್ವರನ್ನು ಇಟಲಿಯವರು ಇಂದೂ ತಯಾರಿಸುವುದು ಕೌಬಾಯ್ ಚಿತ್ರಗಳ ದೆಸೆಯಿಂದ. ನಮ್ಮಲ್ಲಿ 1968ರ "ಜೇಡರ ಬಲೆ"ಯಲ್ಲಿ ರಾಜಕುಮಾರ್ ಸಿಐಡಿ 999 ಆಗಿ ಪಿಸ್ತೂಲು ಹಿಡಿದದ್ದನ್ನು ನೋಡಿದ ಹುಡುಗರು ಇಂದು ಅಜ್ಜಂದಿರು. ಧರ್ಮಸ್ಥಳದ ಲಕ್ಷದೀಪೋತ್ಸವದ ಸಂತೆಯಲ್ಲಿ, ಪೊಳಲಿ ಜಾತ್ರೆಯಲ್ಲಿ, ದೀಪಾವಳಿಯ ಪಟಾಕಿ ಅಂಗಡಿಯಲ್ಲಿ ಸಿಗುವ ಆಟದ ಪಿಸ್ತೂಲಿನ ಆಕಾರ ನೋಡಿ. ಒಂದೋ ಕೌಬಾಯ್ ರಿವಾಲ್ವರು, ಇಲ್ಲವೋ ಕೋಲ್ಟ್ 1911. ಬೇರೆ ಆಕಾರ ಕೊಟ್ಟರೆ ಮಗು "ಇದು ಪಿಸ್ತೂಲಲ್ಲ" ಎನ್ನುತ್ತದೆ.

ಕಾಯಿದೆಯೇ ಕೊರೆದ ದಾರಿ

ಜಗತ್ತಿನ ಮಾತು ಹಾಗಿರಲಿ. ನಮ್ಮ ಅಂಗಡಿಯಲ್ಲಿ ಹಳೆಯದೇ ಸಿಗಲು ಇನ್ನೊಂದು ಕಾರಣ ಉಂಟು, ಅದು ದೆಹಲಿಯದ್ದು. 1959ರ ಆಯುಧ ಕಾಯಿದೆಯ ಕೆಳಗಿನ ನಿಯಮಗಳಲ್ಲಿ ಸೈನ್ಯ, ಪೊಲೀಸರ ಬೋರುಗಳು ಸಾಮಾನ್ಯರಿಗೆ ನಿಷಿದ್ಧ. 9 ಎಂ.ಎಂ. ಮುಟ್ಟುವ ಹಾಗಿಲ್ಲ, .38 ಮುಟ್ಟುವ ಹಾಗಿಲ್ಲ. ಉಳಿದದ್ದರಲ್ಲಿ ಕೈಗೆ ಬರುವುದು .32. 1980ರ ದಶಕದ ನಡುವಿನಿಂದ ಹೊರದೇಶದ ಕೋವಿ ತರಿಸಿ ಮಾರುವ ಬಾಗಿಲೂ ಮುಚ್ಚಿತು. ಹೀಗಾಗಿ ಅದಕ್ಕೂ ಮೊದಲು ಬಂದ ವಿಲಾಯತಿ ಪಿಸ್ತೂಲುಗಳು ಕೈಯಿಂದ ಕೈಗೆ ಲಕ್ಷಗಟ್ಟಲೆಗೆ ಮಾರಾಟವಾಗುವುದು. ಮುದಿ ಎತ್ತಿಗೆ ಕರುವಿನ ಬೆಲೆ. ತೋಟೆಯೂ ಸರಕಾರಿ ಕಾರ್ಖಾನೆಯಿಂದಲೇ, ಪುಣೆ ಪಕ್ಕದ ಖಡ್ಕಿಯಿಂದ ಬರಬೇಕು. ಸ್ಪರ್ಧೆ ಇಲ್ಲ, ಆಯ್ಕೆ ಇಲ್ಲ, ಗಿರಾಕಿ ಎಲ್ಲಿಗೂ ಓಡಿಹೋಗುವುದಿಲ್ಲ. ಹಾಗಿರುವಾಗ ಕಾರ್ಖಾನೆಯವ ಅಚ್ಚು ಬದಲಿಸುವುದಾದರೂ ಯಾಕೆ? 2016ರ ಹೊಸ ಆಯುಧ ನಿಯಮಗಳು ಬಂದು ಖಾಸಗಿಯವರಿಗೆ ದಾರಿ ಸ್ವಲ್ಪ ಅಗಲವಾದ ಮೇಲೆಯೇ ಸ್ವಲ್ಪ ಚಲನೆ ಕಂಡದ್ದು. ಬೆಂಗಳೂರಿನಲ್ಲೇ ಖಾಸಗಿ ಕಂಪೆನಿಯೊಂದು ಸ್ನೈಪರ್ ರೈಫಲನ್ನು ತಾನೇ ರೂಪಿಸಿದೆ, ಆದರೆ ಅದು ಸೈನ್ಯದ ಮಾತು, ಗಲ್ಲೆಯ ಮಾತಲ್ಲ.

ಈ .32ರ ದಾರಿಯಲ್ಲೇ ಕಳ್ಳ ಮಾಲೂ ಬರುತ್ತದೆ, ಚಿಂತೆ ಅಲ್ಲಿದೆ. ಬಿಹಾರದ ಮುಂಗೇರಿನಲ್ಲಿ ಕೋವಿ ಕೆಲಸ 18ನೇ ಶತಮಾನದ ನವಾಬ ಮೀರ್ ಕಾಸಿಂನ ಕಾಲದ್ದು. ಲೈಸೆನ್ಸು ಇರುವ ಕಾರ್ಖಾನೆಗಳು ಅಲ್ಲಿ ಬೇಟೆಕೋವಿ ಮಾಡುತ್ತವೆ. ಕೆಲಸ ಕಲಿತು ಹೊಟ್ಟೆಗಿಲ್ಲದ ಕೈಗಳು ಹಿತ್ತಿಲಲ್ಲಿ 7.65ರ ಪಿಸ್ತೂಲು ಮಾಡುತ್ತವೆ. ಮಧ್ಯಪ್ರದೇಶದ ಖರ್ಗೋನ್, ಬಡವಾನಿ ಕಡೆಯೂ ಹಾಗೆಯೇ. 7.65ನ್ನೇ ಏಕೆ ಎಂದರೆ ತೋಟೆ ಕಾಯಿದೆ ಪ್ರಕಾರ ಮಾರಾಟವಾಗುವಂಥದ್ದು, ಆದ್ದರಿಂದ ಕದ್ದಾದರೂ ಸಿಗುತ್ತದೆ. ಮೇಲೆ "ಮೇಡ್ ಇನ್ ಯುಎಸ್ಎ" ಎಂದು ಅಚ್ಚು ಹೊಡೆದಿರುತ್ತಾರೆ. ಮೈ ಅಮೆರಿಕದ್ದು, ಕರುಳು ಗುಜರಿಯದ್ದು. ಅಸಲಿ ಕಾರ್ಖಾನೆಯಲ್ಲಿ ಉಕ್ಕಿಗೆ ಕೊಡುವ ಹದ, ಹೊರಡುವ ಮೊದಲು ಅಧಿಕ ಒತ್ತಡದ ತೋಟೆ ಹಾರಿಸಿ ನೋಡುವ ಪರೀಕ್ಷೆ ಇಲ್ಲಿಲ್ಲ. ಹೊಡೆದವನ ಬೆರಳೇ ಹಾರಿದರೆ ದೂರು ಕೊಡುವುದು ಯಾರಿಗೆ?

ಈ ಜಾತಿಯ ಪಿಸ್ತೂಲು ನಮ್ಮ ರಾಜ್ಯಕ್ಕೆ ಎಂಥ ಗಾಯ ಮಾಡಿದೆ ಎಂಬುದು ಗೊತ್ತಿದ್ದದ್ದೇ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತರಾದರು. ಎರಡೂ ಕಡೆ ಹಾರಿದ್ದು 7.65ರ ಒಂದೇ ನಾಡ ಪಿಸ್ತೂಲಿನ ಗುಂಡು ಎಂದು ತನಿಖೆಯಲ್ಲಿ ವಿಧಿವಿಜ್ಞಾನ ಪರೀಕ್ಷೆ ಹೇಳಿತು. ನೂರು ವರ್ಷದ ಹಿಂದೆ ಯುರೋಪಿನವರು ಜೇಬಿನಲ್ಲಿಟ್ಟುಕೊಳ್ಳಲಿಕ್ಕೆಂದು ಮಾಡಿದ ಅಳತೆ.

"ಕಡಿಮೆಗೆ ಬರ್ತದೆ, ಒಂದು ಇರಲಿ" ಎನ್ನುವ ಗುಜರಿ ದಲ್ಲಾಳಿಯ ಮಾತು ಕೇಳುವವರು ಒಂದು ಲೆಕ್ಕ ನೋಡಬೇಕು. 2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿಲ್ಲದ ಪಿಸ್ತೂಲು ಮನೆಯಲ್ಲಿ ಸಿಕ್ಕಿದರೆ ಎರಡರಿಂದ ಐದು ವರ್ಷ. ಮೊದಲು ಒಂದರಿಂದ ಮೂರು ಇತ್ತು. ತಯಾರಿಸಿದವನಿಗೆ, ಮಾರಿದವನಿಗೆ ಏಳು ವರ್ಷದಿಂದ ಜೀವಾವಧಿ.

ಬೆಡಿ ಬೇಕಾದವರು ಬೇರೆ

ಇಷ್ಟೆಲ್ಲ ಪಿಸ್ತೂಲಿನ ಗಲಾಟೆಯಲ್ಲಿ ಈ ಮೂರು ತಾಲೂಕಿನಲ್ಲಿ ನಿಜವಾಗಿ ಕೋವಿ ಬೇಕಾದವನ ಸುದ್ದಿ ಹಿಂದೆ ಬೀಳುತ್ತದೆ. ತುಳುವಿನಲ್ಲಿ "ಬೆಡಿ" ಎಂದರೆ ಇಲ್ಲಿ ಬಹಳ ಮಂದಿಗೆ ಕಣ್ಣ ಮುಂದೆ ಬರುವುದು ಪಿಸ್ತೂಲಲ್ಲ, ಅಡಿಕೆ ತೋಟದ ಮನೆಯ ಗೋಡೆಗೆ ಒರಗಿಸಿದ ಉದ್ದ ಕೋವಿ. ಚಾರ್ಮಾಡಿ, ನೆರಿಯ, ಶಿಶಿಲದ ಬುಡದಲ್ಲಿ ತೋಟ ಮಾಡುವವನಿಗೆ ಮಂಗ, ಹಂದಿ, ಒಮ್ಮೊಮ್ಮೆ ಆನೆ. ಕೋವಿ ಇದ್ದರೂ 1972ರ ವನ್ಯಜೀವಿ ಕಾಯಿದೆ ಇರುವುದರಿಂದ ಹೊಡೆದು ಕೆಡಹುವ ಹಾಗಿಲ್ಲ, ಸದ್ದು ಮಾಡಿ ಓಡಿಸಬೇಕು. ಆ ಕೋವಿಯೂ ಹಳೇ ಅಚ್ಚೇ. ಜೋಡುನಳಿಗೆಗಳಲ್ಲಿ ಬಹುಪಾಲಿನ ಒಳಗೆ ಇರುವುದು ಇಂಗ್ಲೆಂಡಿನ ಆನ್ಸನ್ ಮತ್ತು ಡೀಲಿ ಎಂಬಿಬ್ಬರು 1875ರಲ್ಲಿ ಕಟ್ಟಿಕೊಟ್ಟ ಬೀಗದ ಏರ್ಪಾಡು. ಅದಕ್ಕೆ ಅವನಿಂದ ತಕರಾರಿಲ್ಲ. ಭಾಗ ಕಡಿಮೆ, ಕೆಟ್ಟರೆ ಕೈಕೆಲಸದವನಿಂದ ಸರಿಯಾಗುತ್ತದೆ, ಮಗನ ಕಾಲಕ್ಕೂ ಬರುತ್ತದೆ. ಹಳೇ ಅಚ್ಚು ಒಳ್ಳೆಯದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅವನ ತಕರಾರು ಬೇರೆ. ಎಲೆಕ್ಷನ್ ಬಂತೆಂದರೆ ಕೋವಿ ಠಾಣೆಗೆ. ಲೋಕಸಭೆಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ. ನೀತಿಸಂಹಿತೆ ಮುಗಿಯುವಷ್ಟರಲ್ಲಿ ಎಳನೀರು, ಬಾಳೆಗೊನೆ ಮಂಗನ ಪಾಲು. ಕೊಡಗಿನವರಿಗೆ ಈ ಕಾಟವೇ ಇಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ನಡೆದುಬಂದಿದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಘಟ್ಟದ ಮೇಲಿನ ಮಂಗಕ್ಕೂ ಕೆಳಗಿನ ಮಂಗಕ್ಕೂ ಏನು ವ್ಯತ್ಯಾಸ ಎಂದು ಬೆಳೆಗಾರ ಕೇಳಿದರೆ ಉತ್ತರ ಹೇಳುವವರಿಲ್ಲ.

ಲೈಸೆನ್ಸಿನ ದಾರಿಯೂ ಒಂದೇ ಅಲ್ಲ. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರೇಟಿಗೆ ಸೇರಿದ್ದು, ಅಲ್ಲಿಯವರ ಅರ್ಜಿ ಕಮಿಷನರರ ಮೇಜಿಗೆ. ಬಂಟ್ವಾಳ, ಬೆಳ್ತಂಗಡಿ ಎಸ್ಪಿಯವರ ವ್ಯಾಪ್ತಿ, ಅಲ್ಲಿಯವರದ್ದು ಜಿಲ್ಲಾಧಿಕಾರಿಯವರ ಮೇಜಿಗೆ. ತೋಟದ ನಡುವೆ ಬೇಲಿ ಒಂದೇ, ಆಚೆ ಮನೆಯವನ ಫೈಲು ಒಂದು ಕಚೇರಿಯಲ್ಲಿ, ಈಚೆ ಮನೆಯವನದ್ದು ಇನ್ನೊಂದರಲ್ಲಿ. ಎರಡೂ ಕಡೆ ಕೇಳುವ ಕಾಗದ ಒಂದೇ, ಮೂರು ತಾಲೂಕಿನವರೂ ಮಂಗಳೂರು ಬಸ್ಸನ್ನೇ ಹತ್ತಬೇಕು.